ನನ್ನ ಸಾವನ್ನು ಅಣ್ಣನಿಗೆ ಬರೆದುಕೊಟ್ಟಿಲ್ಲ

ಅವ್ವನ ಗಂಟಲಿಗೆ ಕೊಳವೆ ಇಳಿಸಲು ಸಹಿ ಹಾಕಿದವನು ಅಣ್ಣ. ಸೇಡಂನ ಮನೆಯಲ್ಲಿ ಎಲ್ಲರ ಮುಂದೆಯೇ ಅವ್ವ, "ನನ್ನ ದವಾಖಾನ್ಯಾಗ ಮಲಗಿಸಿ ಇಡಬ್ಯಾಡ್ರಿ" ಎಂದು ಹೇಳಿದ್ದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಆಸೆಯಿಲ್ಲ ಎಂದ ಮೇಲೂ ಅವನು ಜಗ್ಗಲಿಲ್ಲ.

"ಗುಡಿ ಪೂಜಿ ಮಾಡೋ ಮನಿತನ ನಮ್ಮದು. ತಾಯೀನ್ನ ಕೊಂದ ಅಂತ ಮಂದಿ ಅನ್ನಬೇಕೇನು?"

ಕೊಳವೆ ಕಿತ್ತುಕೊಳ್ಳುತ್ತಾಳೆಂದು ಅವಳ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಪಟ್ಟಿಯ ಕೆಳಗೆ ಚರ್ಮ ಸುಲಿದಿತ್ತು. ಅಣ್ಣನಿಗೆ ತೋರಿಸಿದೆ. ಅವನು ಗೋಡೆ ನೋಡಿದ. ಅವನ ಹೆಂಡತಿ, ನಮ್ಮ ವೈನಿ, ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತಿದ್ದರು. ಕೈ ಕಟ್ಟಿಸಿಕೊಂಡೇ ಅವ್ವ ಹೋದಳು.

ನಾನು ಮದುವೆಯಾದವಳಲ್ಲ. ಗುಂಡಗುರ್ತಿಯ ಶಾಲೆಯಲ್ಲಿ ಕಲಿಸಿ, ಚಿತ್ತಾಪುರದಲ್ಲಿ ಸ್ವಂತ ಮನೆ ಕಟ್ಟಿಕೊಂಡವಳು. ನಾಳೆ ನನಗೆ ಎಚ್ಚರ ತಪ್ಪಿದರೆ ಆಸ್ಪತ್ರೆಯವರು ಕರೆಸುವುದು ಇದೇ ಅಣ್ಣನನ್ನು. ಆ ಯೋಚನೆ ಬಂದಾಗಲೆಲ್ಲ ಮೈ ಉರಿಯುತ್ತಿತ್ತು. ಅವ್ವನ ವರ್ಷದ ಕಾರ್ಯ ಮುಗಿದದ್ದೇ ತಡ, ಊರಿನ ಒಬ್ಬ ವಕೀಲೆಯ ಬಳಿ ಹೋದೆ.

"ಎರಡು ಬ್ಯಾರೆ ಬ್ಯಾರೆ ಕಾಗದ ಮಾಡಬೇಕಾಗ್ತದ್ರಿ ಟೀಚರ್," ಎಂದರು ಆಕೆ. "ವಿಲ್ಲು ನೀವು ಹೋದ ಮ್ಯಾಲಿಂದು. ಲಿವಿಂಗ್ ವಿಲ್ಲು ನೀವು ಇದ್ದೂ ಮಾತಾಡ್ಲಿಕ್ಕ ಬರಲಾರದಾಗಿಂದು. ಆವಾಗ ಡಾಕ್ಟರ್ ಜೋಡಿ ನಿಮ್ಮ ಪರ ಯಾರು ಮಾತಾಡಬೇಕು?"

ವಾಡಿಯಲ್ಲಿರುವ ಗೆಳತಿಯ ಹೆಸರು ಹೇಳಿದೆ. ಅದೇ ಶಾಲೆಯಲ್ಲಿ ನನ್ನ ಜೊತೆ ಕಲಿಸಿದವಳು. ಮಂದಿ ಏನೆಂದಾರು ಎಂದು ಹೆದರುವವಳಲ್ಲ. ಗುಣವಾಗುವ ಆಸೆ ಇಲ್ಲದಿದ್ದರೆ ಕೊಳವೆ, ಮಶೀನು ಬೇಡ. ನೋವಿಗೆ ಔಷಧ ಬೇಕು. ಹಾಗೆಂದು ಬರೆಸಿದೆ.

ಸಹಿ ಮಾಡುವ ದಿನವನ್ನು ಅಣ್ಣನಿಗೆ ನಾನೇ ಫೋನು ಮಾಡಿ ತಿಳಿಸಿದೆ. ಕದ್ದು ಮಾಡಿದಳು ಎನ್ನಿಸಿಕೊಳ್ಳುವ ಮನಸ್ಸಿರಲಿಲ್ಲ. ಅಂದು ವಕೀಲೆಯ ಕಚೇರಿಯಲ್ಲಿ ಸಾಕ್ಷಿಗಳಿಬ್ಬರೂ ನೋಟರಿಯೂ ಬಂದು ಕುಳಿತಿದ್ದರು. ಅವನು ಒಳಗೆ ಬರುತ್ತಲೇ ಕೂಗಾಡಿದ.

"ನಾ ಏನು ಸತ್ತೀನೇನು? ಹೊರಗಿನಾಕಿ ಕೈಯಾಗ ಜೀವ ಕೊಡ್ಲಿಕತ್ತಿ?"

"ಮನಿ ನಿನ್ನ ಮಗಗ ಬರದೀನಿ, ತಗೋ. ನನ್ನ ಸಾವು ಮಾತ್ರ ನಿನಗ ಕೊಡಂಗಿಲ್ಲ."

ಮನೆಯ ಮಾತು ಕೇಳಿ ತಣ್ಣಗಾದಾನು ಎಂದುಕೊಂಡಿದ್ದೆ. ಇನ್ನಷ್ಟು ಕೆರಳಿದ. "ಅವ್ವನ್ನ ನಾ ಕೊಂದೀನಿ ಅಂತ ಇಲ್ಲಿ ಬರಸ್ಲಿಕತ್ತಿ!"

"ಕೊಲ್ಲಲಿಲ್ಲ. ಸಾಯ್ಲಿಕ್ಕ ಬಿಡಲಿಲ್ಲ ನೀ ಅಕೀನ್ನ."

ವಕೀಲೆ ಎದ್ದು ಬಾಗಿಲು ತೋರಿಸಿದರು. "ಹೊರಗ ನಡ್ರಿ. ಅವರು ಸಹಿ ಮಾಡೋಮುಂದ ನೀವು ಇಲ್ಲಿ ಇರಬ್ಯಾಡ್ರಿ."

"ನಿನ್ನ ಹೆಣಕ್ಕೂ ನಾ ಬರಂಗಿಲ್ಲ" ಎಂದು ಅವನು ಹೋದ. ಬರಬೇಡ ಎಂದೆ. ಎಲ್ಲ ಪುಟಗಳಿಗೂ ಸಹಿ ಹಾಕಿದೆ. ಒಂದು ಪ್ರತಿ ವಾಡಿಗೆ ಹೋಯಿತು.

ಅಂದಿನಿಂದ ಅವನಿಗೂ ನನಗೂ ಮಾತಿಲ್ಲ. ಮೊನ್ನೆ ಒಂದು ಬೆಳಿಗ್ಗೆ ವೈನಿಯ ಫೋನು ಬಂತು. ದನಿ ತೀರ ತಗ್ಗಿಸಿದ್ದರು.

"ನಿಮ್ಮ ಅಣ್ಣ ಗುಡಿಗೆ ಹೋಗ್ಯಾರ. ಆ ವಕೀಲರ ನಂಬರ್ ಕೊಡ್ರಿ. ಲಿವಿಂಗ್ ವಿಲ್ಲು ನನಗೂ ಒಂದು ಮಾಡಿಸೋದದ."

"ಅವತ್ತು ಅವ್ವನ ಮುಂದ ನಿಂತಾಗ ಯಾಕ ಬಾಯಿ ತಗೀಲಿಲ್ಲ ವೈನಿ?"

ಅವರು ಫೋನು ಇಡಲಿಲ್ಲ. ನಂಬರ್ ಹೇಳಿದೆ; ಬರೆದುಕೊಂಡರು. ಚೆನ್ನಾಗಿದ್ದೀರಾ ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.