ಮೂರುದಾರಿಯಿಂದ ಬಂದ ಡಿಕಿಯಾ

ಟಿ. ದಾಸರಹಳ್ಳಿಯಲ್ಲಿ ನೀಲಾಂಬಿಕಾಳನ್ನು ಹುಡುಕುವವರು ನೇರ ತಾರಸಿಗೇ ಹತ್ತಬೇಕು. ಪೀಣ್ಯದ ವಾಲ್ವ್ ಕಾರ್ಖಾನೆಯಿಂದ ಬಂದವಳು ಕೋಣೆಯ ಬೀಗ ತೆಗೆಯುವ ಮೊದಲು ಕುಂಡಗಳ ಮುಂದೆ ಕೂರುತ್ತಾಳೆ. ಪಕ್ಕದ ಕೋಣೆಯವಳಾದ ನನಗೆ ಆ ಗಿಡಗಳ ಮೇಲೆ ಮೊದಲಿನಿಂದಲೂ ಸಿಟ್ಟು. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಸೀರೆ ಹಿಡಿದೆಳೆಯುತ್ತವೆ.

ಅವು ಡಿಕಿಯಾ. ಅನಾನಸಿನ ದಾಯಾದಿಗಳಂತೆ, ಆದರೆ ತಿನ್ನಲು ಏನೂ ಸಿಗದು, ಬರೀ ಮುಳ್ಳು. ಗಿಡ ಬೆಳೆಸುವವರ ವಾಟ್ಸಾಪ್ ಗುಂಪಿನಿಂದ ಬಂದ ಬೀಜವನ್ನು ಬಿರಿಯಾನಿ ಡಬ್ಬಿಯಲ್ಲಿ ಉದುರಿಸಿ, ಮುಚ್ಚಳ ಹಾಕಿ, ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡಿದ್ದಳು. ಹುಟ್ಟಿದವುಗಳಲ್ಲಿ ಒಂದು ಮಾತ್ರ ಬೇರೆಯೇ ಆಯಿತು. ಕಡುಗೆಂಪು ಎಲೆ, ಅಂಚಿಗೆ ಬೆಳ್ಳಿ ಬಣ್ಣದ ಮುಳ್ಳು. ಗುಂಪಿನವರೂ ಅಂಥದ್ದು ನೋಡಿರಲಿಲ್ಲ. ಬೀಜ ಹಾಕಿದರೆ ಅದೇ ಬಣ್ಣ ಬರುವ ಭರವಸೆಯಿಲ್ಲ, ಬುಡದಲ್ಲಿ ಮರಿ ಒಡೆಯಬೇಕು. ವರ್ಷಗಳು ಕಳೆದರೂ ಅದು ಒಂದೂ ಮರಿ ಹಾಕಲಿಲ್ಲ. ಇದೊಂದು ಸತ್ತರೆ ಅದರ ವಂಶವೇ ಮುಗಿಯಿತು ಎಂಬುದೇ ನೀಲಾಂಬಿಕಾಳ ಚಿಂತೆ.

ಪಂಚಮಿಗೆಂದು ಅವಳು ವಾರ ಮೊದಲೇ ತವರಾದ ಲಿಂಗಸುಗೂರಿಗೆ ಹೋಗಿದ್ದಾಗ ಮನೆ ಒಡತಿ ಅಂಜಿನಮ್ಮ ತಾರಸಿಗೆ ಬಂದರು. ಹೊಸದಾಗಿ ಕಟ್ಟಿಸಿದ ಕೋಣೆಗಳಿಗೆ ಯಾರೂ ಬರುತ್ತಿಲ್ಲ, ಯಾರದೋ ಕಣ್ಣು ಬಿದ್ದಿದೆ ಎಂಬುದು ಅವರ ನಂಬಿಕೆ. ದೃಷ್ಟಿಗೆ ಲೋಳೆಸರ ಕಟ್ಟಿ ನೋಡಿದ್ದಾಗಿತ್ತು. ಅದಕ್ಕಿಂತ ಹೆಚ್ಚು ಮುಳ್ಳಿರುವುದು ಬೇಕಿತ್ತು. ಅಮಾವಾಸ್ಯೆಯ ದಿನ ಆ ಕೆಂಪು ಗಿಡವನ್ನೇ ಬೇರುಸಹಿತ ಕಿತ್ತು, ನಡುನೆತ್ತಿಗೆ ದಬ್ಬಣ ಚುಚ್ಚಿ ನಿಂಬೆಹಣ್ಣು ಪೋಣಿಸಿ, ಗೇಟಿನ ಮೇಲೆ ತಲೆಕೆಳಗಾಗಿ ಕಟ್ಟಿದರು.

ಊರಿಂದ ಬಂದ ನೀಲಾಂಬಿಕಾ ಗೇಟಿನಲ್ಲೇ ಚೀಲ ಇಳಿಸಿದಳು.

"ಅಮ್ಮಾ, ಇದನ್ನ ಬಿಚ್ಚಿ ಕೊಡ್ರಿ. ಬ್ಯಾರೇದು ತಂದು ನಾನೇ ಕಟ್ಟತೀನ್ರಿ."

"ಕಟ್ಟಿದ್ಮೇಲೆ ಮುಂದಿನ ಅಮಾಸೆಗಂಟ ಮುಟ್ಟಂಗಿಲ್ಲ ಕಣಮ್ಮಿ. ಈಗ್ಲೇ ಬಿಚ್ಚಿದ್ರೆ ಬಿದ್ದಿರೋ ಕಣ್ಣೆಲ್ಲ ಮನೆ ಒಳೀಕೇ ಬತ್ತದೆ."

ಅವಳು ಜಗಳ ಆಡಲಿಲ್ಲ. ಕೋಣೆಗೆ ಬಂದು ಬಿಕ್ಕಿಬಿಕ್ಕಿ ಅತ್ತಳು. ಮುಂದಿನ ಅಮಾವಾಸ್ಯೆಯವರೆಗೂ ದಿನಾ ಅದರ ಕೆಳಗೇ ಕೆಲಸಕ್ಕೆ ಹೋಗಿ ಬಂದಳು.

ಆಮೇಲೆ ಅಂಜಿನಮ್ಮ ಆ ಒಣಗಿದ ಗಿಡವನ್ನು ಮೂರು ದಾರಿ ಕೂಡುವಲ್ಲಿ ಎಸೆದು ಬಂದರು. ದೃಷ್ಟಿ ತೆಗೆದು ಎಸೆದದ್ದನ್ನು ಜನ ದಾಟುವುದೇ ಇಲ್ಲ, ಮುಟ್ಟುವ ಮಾತು ದೂರ. ನೀಲಾಂಬಿಕಾ ಹಾಡಹಗಲೇ ಹೋಗಿ ವೇಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ನೋಡಿದವರು ಬಾಯಿಯ ಮೇಲೆ ಕೈಯಿಟ್ಟರು. ನಾನಂತೂ ಹೆದರಿ ಕೆಲವು ದಿನ ಅವಳ ಕೈಯ ಚಹಾವನ್ನೇ ಕುಡಿಯಲಿಲ್ಲ.

ನೆತ್ತಿಯ ಎಲೆಗಳು ಹಿಡಿದರೆ ಸಾಕು ಕಿತ್ತು ಬಂದವು, ಒಳಗೆಲ್ಲ ಕಪ್ಪು. ಆದರೂ ಜಲ್ಲಿಪುಡಿ ಬೆರೆಸಿದ ಮಣ್ಣಿನಲ್ಲಿ ನೆಟ್ಟಳು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದು, ಕೈ ಹಿಡಿದು ತಾರಸಿಗೆ ಎಳೆದೊಯ್ದಳು. ಬುಡದ ಸುತ್ತ ಐದು ಕೆಂಪು ಮರಿಗಳು. ನೆತ್ತಿ ಸತ್ತದ್ದರಿಂದಲೇ ಗಿಡ ಬುಡದಲ್ಲಿ ಒಡೆದಿತ್ತು. ನನಗೆಷ್ಟು ಖುಷಿಯಾಯಿತೆಂದರೆ ಮುಳ್ಳಿನ ಮೇಲಿನ ಸಿಟ್ಟೂ ಮರೆತುಹೋಯಿತು.

ನಾಲ್ಕು ಮರಿಗಳು ಗುಂಪಿನವರ ಮನೆಗಳಿಗೆ ಹೋದವು. ಇವಳಲ್ಲಿ ಉಳಿದದ್ದು ಈಗ ತಟ್ಟೆಯಗಲ ಬೆಳೆದು, ತಾಯಿಯಂತೆಯೇ ಒಂದೂ ಮರಿ ಹಾಕದೆ ಒಂಟಿಯಾಗಿ ಕೂತಿದೆ. ಕಳೆದ ಭಾನುವಾರ ನೀಲಾಂಬಿಕಾ ಅದರ ನೆತ್ತಿಗೆ ಸ್ಕ್ರೂಡ್ರೈವರ್ ಇಟ್ಟಳು. ಹಪ್ಪಳ ಒಣಗಿಸಲು ಬಂದಿದ್ದ ಅಂಜಿನಮ್ಮ ಓಡಿಬಂದು ಅವಳ ರಟ್ಟೆ ಹಿಡಿದರು.

"ತಲೆ ಕೆಟ್ಟೈತಾ ನಿಂಗೆ? ಎಷ್ಟ್ ಚಂದಾಗಿ ಬಂದೈತೆ, ಸತ್ತೋಯ್ತದೆ ಬಿಡಮ್ಮಿ."

"ನೀವೇ ಕಲಿಸಿದ್ದಲ್ರಿ ಅಮ್ಮಾ," ಎಂದು ಅವಳು ಕಣ್ಣು ಮುಚ್ಚಿ ಒತ್ತಿದಳು.