ನೀಲಿ ಮುಂದೋ, ಹಳದಿ ಮುಂದೋ

ನಮ್ಮಪ್ಪನಿಗೆ ಜೂಜು ಅಂದರೆ ಆಗದು. ಮೇಷ್ಟ್ರು ನೋಡಿ. ದೀಪಾವಳಿಯಲ್ಲಿ ಹಿರಿಯೂರಿನ ನಮ್ಮ ಬೀದಿಯಲ್ಲಿ ಇಸ್ಪೀಟು ಹಾಕಿಕೊಂಡು ಕೂತವರನ್ನು ಕಂಡರೆ ಬೀದಿಯ ಆ ಬದಿಗೆ ದಾಟಿಕೊಂಡು ಹೋಗುತ್ತಿದ್ದರು. ಇಂಥ ಮನುಷ್ಯ ವರ್ಷಕ್ಕೊಂದು ಸಲ, ಬೇಸಿಗೆ ರಜೆಯಲ್ಲಿ, ಅರಳಿಕಟ್ಟೆಯ ಮೇಲೆ ಹತ್ತು ಜನರ ಎದುರಿಗೆ ತಮ್ಮ ಅತ್ತೆ, ಅಂದರೆ ಅಮ್ಮನ ತಾಯಿಯ ಜೊತೆ ಪಂದ್ಯ ಕಟ್ಟುತ್ತಿದ್ದರು ಅಂದರೆ ನನ್ನ ಮಕ್ಕಳು ಈಗಲೂ ನಂಬೋದಿಲ್ಲ. ಅದೂ ದುಡ್ಡು ಕಟ್ಟುತ್ತಿರಲಿಲ್ಲ. ನಮ್ಮಮ್ಮನ್ನೇ ಕಟ್ಟುತ್ತಿದ್ದರು.

ಮೊನ್ನೆ ಹಿರಿಯೂರಿಗೆ ಹೋಗಿದ್ದಾಗ ನನ್ನ ಮಗ ಮೊಬೈಲು ಹಿಡಕೊಂಡು, ಅವರಪ್ಪ ಬರ್ತಿರೋ ಬಸ್ಸು ಎಲ್ಲಿಗೆ ಬಂತು ಅಂತ ಹೇಳುತ್ತಾ ಕೂತಿದ್ದ. ಅಪ್ಪ ಕನ್ನಡಕ ಏರಿಸಿ ಅದನ್ನು ನೋಡಿದರು. ಎಲ್ಲ ಮುಂಚೇನೆ ಗೊತ್ತಾಗಿಬಿಟ್ಟರೆ ಪಂದ್ಯ ಕಟ್ಟೋದು ಹೆಂಗಪ್ಪ ಅಂದರು. ಅಡಿಗೆಮನೆಯಿಂದ ಅಮ್ಮ ಒಂದು ಸಲ ಕೆಮ್ಮಿದಳು. ಅಪ್ಪ ತಕ್ಷಣ ಪೇಪರು ಎತ್ತಿಕೊಂಡರು. ಇಷ್ಟು ವರ್ಷ ಆದರೂ ಆ ಕೆಮ್ಮಿಗೆ ಬೆಲೆ ಇದೆ.

ಅಮ್ಮನ ತವರು ಹೊಸದುರ್ಗದಿಂದ ಶ್ರೀರಾಂಪುರಕ್ಕೆ ಹೋಗೋ ದಾರಿಯಲ್ಲಿ ಒಂದು ಹಳ್ಳಿ. ಅಜ್ಜ ನಾನು ಹುಟ್ಟೋಕೆ ಮುಂಚೇನೆ ತೀರಿಕೊಂಡಿದ್ದ, ಹಾಗಾಗಿ ಮನೆಯ ಯಜಮಾನಿಕೆ ಅಜ್ಜೀದೆ. ಅಜ್ಜಿ ಅಂದರೆ ಸಾಮಾನ್ಯದ ಹೆಂಗಸಲ್ಲ. ಶೇಂಗಾ ವ್ಯಾಪಾರಕ್ಕೆ ಬಂದವನು ತಕ್ಕಡಿ ಎತ್ತೋ ಮೊದಲು ಅವಳ ಮುಖ ನೋಡುತ್ತಿದ್ದ. ಪರೀಕ್ಷೆ ಮುಗಿದ ಮಾರನೇ ದಿನವೇ ನಾವು ಅಲ್ಲಿಗೆ ಹೊರಟುಬಿಡುತ್ತಿದ್ದೆವು, ಅಮ್ಮನೂ ನಾನೂ.

ಹಿರಿಯೂರಿನ ಮನೆ ತುಂಬಿದ ಮನೆ. ಅಪ್ಪನ ತಮ್ಮಂದಿರು, ಅವರ ಮಕ್ಕಳು, ಎಲ್ಲರ ಮೇಲೆ ಅಪ್ಪನ ತಾಯಿ, ಹಿರಿಯೂರು ಅಜ್ಜಿ. ಕೆಟ್ಟವರು ಯಾರೂ ಇರಲಿಲ್ಲ, ಕೆಲಸ ಮಾತ್ರ ಬೇಕಾದಷ್ಟಿತ್ತು. ಅಮ್ಮ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರೂ ಉಂಡ ಮೇಲೆ ಉಣ್ಣುವವಳು. ಅಮ್ಮ ಮಧ್ಯಾಹ್ನದ ಹೊತ್ತು ಮಲಗಿದ್ದನ್ನು ನಾನು ನೋಡಿದ್ದು ತವರಿನಲ್ಲಿ ಮಾತ್ರ. ಜಗಲಿಯ ಮೇಲೆ ಚಾಪೆ ಹಾಕಿಕೊಂಡು, ಬಾಯಿ ತೆರೆದು, ಲೋಕದ ಪರಿವೆ ಇಲ್ಲದೆ ನಿದ್ದೆ ಮಾಡುತ್ತಿದ್ದಳು. ಎದ್ದ ಮೇಲೆ ಅಜ್ಜಿ ತಲೆಗೆ ಎಣ್ಣೆ ಒತ್ತುತ್ತಾ ಊರ ಸುದ್ದಿ ಹೇಳೋಳು, ಅಮ್ಮ ಜೋರಾಗಿ ನಗೋಳು. ನನಗೆ ಆ ನಗು ಎಷ್ಟು ಇಷ್ಟ ಆಗುತ್ತಿತ್ತು ಅಂದರೆ, ರಜೆ ಮುಗಿಯೋದೇ ಬೇಡಪ್ಪ ಅನಿಸುತ್ತಿತ್ತು.

ಆದರೆ ಒಂದು ಶನಿವಾರ ಅಪ್ಪ ಬಂದೇ ಬರುತ್ತಿದ್ದರು, ಕರಕೊಂಡು ಹೋಗೋಕೆ. ಸೋಮವಾರದೊಳಗೆ ಸೊಸೆ ಮನೇಲಿರಬೇಕು ಅಂತ ಹಿರಿಯೂರು ಅಜ್ಜಿಯ ಹುಕುಂ. ತವರಿನ ಅಜ್ಜಿ, ಇನ್ನೊಂದು ವಾರ ಇರಲಿ ಬಿಡ್ರಿ ಅನ್ನೋಳು. ಅಪ್ಪ, ಇಲ್ಲ ಅತ್ತೆ, ನಮ್ಮವ್ವ ಹೇಳಿಬಿಟ್ಟಿದ್ದಾಳೆ ಅನ್ನೋರು. ಹೀಗೆ ಎಳೆದಾಡಿ ಎಳೆದಾಡಿ ಸಾಕಾಗಿ ಒಂದು ವರ್ಷ ಅಜ್ಜಿಗೆ ಸಿಟ್ಟೇ ಬಂತು. ನಾನೂ ಬ್ಯಾಡ, ನೀವೂ ಬ್ಯಾಡ, ಬಸ್ಸೇ ಹೇಳಲಿ ಅಂದಳು.

ಅಜ್ಜಿಯ ಊರಿಗೆ ಸಂಜೆ ಎರಡು ಪ್ರೈವೇಟು ಬಸ್ಸು. ನೀಲಿ ಬಣ್ಣದ್ದು ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಬಂದು ಹೊಸದುರ್ಗ ದಾಟಿಕೊಂಡು ಬರೋದು. ಹಳದಿ ಬಣ್ಣದ್ದು ಹೊಸದುರ್ಗದಲ್ಲೇ ಹೊರಟು ಸುತ್ತಲ ಹಳ್ಳಿಗಳನ್ನೆಲ್ಲ ಮಾತಾಡಿಸಿಕೊಂಡು ಬರೋದು. ಹೊಳಲ್ಕೆರೆಯಲ್ಲಿ ರೈಲ್ವೆ ಗೇಟು ಬಿದ್ದರೆ ನೀಲಿ ತಡ, ಸಂತೆ ದಿನ ಆದರೆ ಹಳದಿ ತಡ. ಇಬ್ಬರಿಗೂ ಶ್ರೀರಾಂಪುರದ ಪ್ಯಾಸೆಂಜರುಗಳ ಮೇಲೆ ಕಣ್ಣು, ಹಾಗಾಗಿ ಕೊನೆಗೆ ಕೆರೆ ಏರಿ ಮೇಲೆ ಬಿದ್ದಂಬೀಳ ಓಡಿಸೋರು. ಏರಿ ಮೇಲೆ ಮೊದಲು ಯಾವುದು ಕಾಣುತ್ತೆ ಅಂತ ಅರಳಿಕಟ್ಟೆಯಲ್ಲಿ ಕೂತವರು ದಿನಾ ಪಂದ್ಯ ಕಟ್ಟುತ್ತಿದ್ದರು. ಸೋತವರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ಅಜ್ಜಿ ಕಟ್ಟಿದ ಪಂದ್ಯ ಮಾತ್ರ ಬೇರೆ. ನೀಲಿ ಮುಂದೆ ಬಂದರೆ ಮಗಳು ಇನ್ನೊಂದು ವಾರ ಇರುತ್ತಾಳೆ, ಹಳದಿ ಮುಂದೆ ಬಂದರೆ ಬೆಳಿಗ್ಗೆ ಅಳಿಯನ ಜೊತೆ ಹೊರಡುತ್ತಾಳೆ. ಅಪ್ಪ ಮೊದಲು ಹೌಹಾರಿದರು, ಆಮೇಲೆ ಏನು ಹೊಳೆಯಿತೋ, ಆಗಲಿ ಅಂದರು.

ನೀಲಿ ಬಂತು. ಮುಂದಿನ ವರ್ಷವೂ ಪಂದ್ಯ ಆಯಿತು. ಅಪ್ಪ ತಾವೇ ಹಳದಿ ಹಿಡಿದರು. ಮತ್ತೆ ನೀಲಿ ಬಂತು. ಅದರ ಮುಂದಿನ ವರ್ಷವೂ ಅದೇ ಕಥೆ. ಅಜ್ಜಿ ಯಾಕೆ ಗೆಲ್ಲುತ್ತಾಳೆ ಅನ್ನೋದು ನನಗೊಬ್ಬಳಿಗೆ ಗೊತ್ತಿತ್ತು. ಅಪ್ಪ ಬರೋ ಶನಿವಾರ ಬೆಳಕು ಹರಿಯೋ ಮೊದಲೇ ಹೋಳಿಗೆ ಬೇಯುತ್ತಿತ್ತು. ಬೆಳಿಗ್ಗೆ ಅಪ್ಪನ್ನ ಇಳಿಸಿ ಶ್ರೀರಾಂಪುರಕ್ಕೆ ಹೋದ ನೀಲಿ ಬಸ್ಸು ಚಿತ್ರದುರ್ಗದ ಕಡೆಗೆ ತಿರುಗಿ ಬರೋ ಹೊತ್ತಿಗೆ ಅಪ್ಪ ಬಚ್ಚಲಲ್ಲಿರೋರು. ಅಷ್ಟರಲ್ಲಿ ಅಜ್ಜಿ ಮುತ್ತುಗದೆಲೆಯಲ್ಲಿ ತುಪ್ಪ ಸುರಿದ ಹೋಳಿಗೆ ಕಟ್ಟಿಕೊಂಡು, ನನ್ನ ಕೈ ಹಿಡಕೊಂಡು, ರಸ್ತೆ ಪಕ್ಕ ನಿಂತಿರೋಳು. ಡ್ರೈವರಿಗೆ ಗಂಟು ಕೊಟ್ಟು, ಸಂಜೆ ನೀನೇ ಮುಂದೆ ಬರಬೇಕು ನೋಡಪ್ಪ ಅನ್ನೋಳು. ಅವನು ಹಲ್ಲು ಕಿರಿದು ಗಂಟನ್ನು ದೇವರ ಪಟದ ಕೆಳಗಿಟ್ಟುಕೊಳ್ಳುತ್ತಿದ್ದ. ನಾನು ಯಾರಿಗೂ ಹೇಳಲಿಲ್ಲ. ಅಮ್ಮನ ಮಧ್ಯಾಹ್ನದ ನಿದ್ದೆ ಅದರಲ್ಲಿತ್ತಲ್ಲ.

ಹೀಗೆ ಅಪ್ಪ ಸೋಲುತ್ತಾ ಬಂದ ಮೇಲೆ ಕಟ್ಟೆಯವರು ಸುಮ್ಮನಿರುತ್ತಾರೆಯೇ. ಮೇಷ್ಟ್ರು ಹಳದಿ ಬಸ್ಸನ್ನ ಲಗ್ನ ಆಗವ್ರೆ ಅಂದರು. ಹೆಂಡ್ತಿ ಕರಕೊಂಡು ಹೋಗಾಕೆ ಇಷ್ಟ ಇಲ್ಲ, ಬೇಕಂತ್ಲೇ ಸೋಲ್ತಾರೆ ಅಂದರು. ಈ ಮಾತು ಅಪ್ಪನಿಗೆ ಚುರುಕ್ಕಂತು. ಯಾಕೆಂದರೆ ಅದರಲ್ಲಿ ಅರ್ಧ ನಿಜ.

ಅಪ್ಪನಿಗೂ ಅಮ್ಮನ್ನ ಅಷ್ಟು ಬೇಗ ಕರಕೊಂಡು ಹೋಗೋ ಮನಸ್ಸಿರಲಿಲ್ಲ. ಅವರಿಗೂ ಕಣ್ಣಿತ್ತು, ತವರಿನಲ್ಲಿ ಹೆಂಡತಿಯ ಮುಖ ಹೇಗಿರುತ್ತೆ ಅಂತ ನೋಡಿದ್ದರು. ಆದರೆ ಹೆತ್ತವ್ವನ ಮುಂದೆ ನಿಂತು, ಅವಳು ಇನ್ನೊಂದು ವಾರ ಇದ್ದು ಬರಲಿ ಅನ್ನೋ ಧೈರ್ಯ ಇರಲಿಲ್ಲ. ಪಂದ್ಯದಲ್ಲಿ ಸೋತೆ, ಮಾತು ಕೊಟ್ಟಿದ್ದೆ ಅಂದರೆ ಹಿರಿಯೂರು ಅಜ್ಜಿ ತುಟಿ ಎರಡು ಮಾಡುತ್ತಿರಲಿಲ್ಲ, ಆ ಮನೆಯಲ್ಲಿ ಮಾತು ಅಂದರೆ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಇದು ಅಪ್ಪನ ಲೆಕ್ಕಾಚಾರ. ನಮ್ಮ ಮನೆಯ ಗಂಡಸರು ಬಹಳ ಧೈರ್ಯವಂತರು, ಅವ್ವಂದಿರ ಎದುರಿಗೆ ಬಿಟ್ಟು.

ಆ ವರ್ಷ ಅಪ್ಪ ಒಂದು ಉಪಾಯ ಮಾಡಿದರು. ಕಟ್ಟೆಯವರ ಬಾಯಿ ಮುಚ್ಚಿಸೋಕೆ ಈ ಸಲ ನೀಲಿ ಹಿಡಿಯೋದು, ನೀಲಿ ಹಿಡಿದೂ ಸೋಲೋದು. ಬೆಳಿಗ್ಗೆ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನೀಲಿ ಬಸ್ಸಿನ ಡ್ರೈವರಿಗೆ ಟೀ ಕೊಡಿಸಿ, ಸಂಜೆ ಹೊಳಲ್ಕೆರೇಲಿ ಸ್ವಲ್ಪ ಹೊತ್ತು ನಿಂತು ನಿಧಾನಕ್ಕೆ ಬಾರಪ್ಪ ಅಂದಿದ್ದರು. ಅವನು ತಲೆ ಆಡಿಸಿದ್ದ. ಇದ್ಯಾವುದೂ ನನಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ಅಜ್ಜಿ ಎಂದಿನಂತೆ ರಸ್ತೆ ಪಕ್ಕ ನಿಂತು ಹೋಳಿಗೆ ಗಂಟು ಕೊಟ್ಟು, ಮುಂದೆ ಬಾ ಅಂತ ಹೇಳಿ ಬಂದಳು.

ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಎಲ್ಲರೂ ಕಟ್ಟೆಗೆ ಬಂದರು. ಅಪ್ಪ ಗಂಟಲು ಸರಿಮಾಡಿಕೊಂಡು, ಈ ಸಲ ನಂದು ನೀಲಿ ಅಂದರು.

ಅಜ್ಜಿಯ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಅದೇನು ಅಳಿಯಂದ್ರೇ, ಹಳದಿ ನಿಮ್ಮದಲ್ವಾ ಅಂದಳು. ಕಟ್ಟೆಯವರು ಹೋ ಅಂತ ಅಪ್ಪನ ಬೆನ್ನು ತಟ್ಟಿದರು. ಬೇಡ ಅನ್ನೋಕೆ ಅಜ್ಜಿಗೆ ಕಾರಣವಾದರೂ ಏನಿದೆ? ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಬಸ್ಸು ಆಗಲೇ ದುರ್ಗದಲ್ಲಿತ್ತು. ಗೇಟು ಬೀಳಲಪ್ಪ, ಎರಡೆರಡು ಗೂಡ್ಸು ಬರಲಪ್ಪ ಅಂತ ನಾನು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡೆ. ಅಮ್ಮ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು, ಅಲ್ಲಿಂದ ಕಟ್ಟೆ ಕಾಣುತ್ತಿತ್ತು. ಪಂದ್ಯದ ದಿನ ಅವಳು ಯಾವತ್ತೂ ಬಾಯಿ ಬಿಟ್ಟವಳಲ್ಲ.

ಹೊತ್ತು ಇಳಿಯುತ್ತಾ ಬಂತು. ಏರಿಯ ಆ ತುದಿಯಲ್ಲಿ ಧೂಳೆದ್ದಿತು. ಎಲ್ಲರೂ ಎದ್ದು ನಿಂತರು. ಧೂಳಿನೊಳಗಿಂದ ಹಾರನ್ನು ಒತ್ತಿಕೊಂಡು, ಟಾಪಿನ ಮೇಲಿದ್ದ ಬುಟ್ಟಿಗಳು ಕುಣಿಯುತ್ತಾ, ನೀಲಿ ಬಸ್ಸು ಬಂತು. ಅಷ್ಟು ಬೇಗ ಅದು ಯಾವತ್ತೂ ಬಂದಿರಲಿಲ್ಲ. ಹಳದಿಯ ಸುಳಿವೇ ಇಲ್ಲ.

ಕಟ್ಟೆಯವರು, ಮೇಷ್ಟ್ರು ಗೆದ್ರು, ಅಂತೂ ಗೆದ್ರು ಅಂತ ಕೂಗಿದರು. ಗೆದ್ದವರ ಮುಖ ನೋಡಬೇಕಿತ್ತು, ಸಾಲ ಕೇಳೋಕೆ ಬಂದವರ ಥರ ಇತ್ತು. ಅಜ್ಜಿ ಹಣೆ ಚಚ್ಚಿಕೊಂಡು ಕೂತಳು. ನನಗೆ ಅಳುವೇ ಬಂದುಬಿಟ್ಟಿತು. ಬೆಳಿಗ್ಗೆ ಹೊರಡಬೇಕು. ಇನ್ನು ಒಂದು ವರ್ಷ ಅಮ್ಮನ ಆ ನಗು ಇಲ್ಲ.

ಡ್ರೈವರು ಇಂಜಿನ್ ಆರಿಸದೆ ಕೆಳಗಿಳಿದ. ಮೊದಲು ಅಜ್ಜಿಯ ಹತ್ತಿರ ಬಂದು, ಅಜ್ಜೀ, ಹೇಳಿದಂಗೆ ಬಂದೀನಿ ನೋಡ್ರಿ ಅಂದ. ಆಮೇಲೆ ಅಪ್ಪನ ಕಡೆ ತಿರುಗಿ ತಲೆ ಕೆರೆದುಕೊಂಡ.

“ತಪ್ಪು ತಿಳ್ಕಬ್ಯಾಡ್ರಿ ಮೇಷ್ಟ್ರೇ. ನೀವು ನಿಧಾನ ಬಾ ಅಂದಿದ್ದು ನೆನಪೈತೆ. ಆದ್ರೆ ನೀವು ಕೊಡ್ಸಿದ್ದು ಟೀ, ಅಜ್ಜಿ ಕೊಟ್ಟಿದ್ದು ಹೋಳಿಗೆ. ಉಂಡ ಮನೆಗೆ ಎರಡು ಬಗೆಯಾಕಾಗ್ತೈತಾ?”

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಕಟ್ಟೆ ಬಿದ್ದು ಬಿದ್ದು ನಕ್ಕಿತು. ಅತ್ತೆ ಚಾಪೆ ಕೆಳಗೆ ತೂರಿದರೆ ಅಳಿಯ ರಂಗೋಲಿ ಕೆಳಗೆ ತೂರ್ಯಾನೆ ಅಂತ ಒಬ್ಬರು ಅಂದರು. ಅಜ್ಜಿ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಳು, ಹಂಗಾರೆ ಇದು ಪಂದ್ಯವೇ ಅಲ್ಲ ಅಂದಳು. ಅಪ್ಪ ಮಾತ್ರ ಒಪ್ಪಲಿಲ್ಲ. ನೀಲಿ ಹಿಡಿದೆ, ನೀಲಿ ಬಂತು. ಸೋತೆ ಅಂತ ಅವ್ವನಿಗೆ ಹೇಗೆ ಹೇಳಲಿ, ಬೇಕಂತ ಸೋಲೋದು ಬೇರೆ, ಸುಳ್ಳು ಹೇಳೋದು ಬೇರೆ ಅಂದರು. ಇದು ಎಂಥ ನ್ಯಾಯವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆಗ ಜಗಲಿಯಿಂದ ಅಮ್ಮ ಎದ್ದಳು. ಮೊರ ಕೆಳಗಿಟ್ಟು, ಸೀರೆ ಕೊಡವಿಕೊಂಡು ಕಟ್ಟೆಯ ಹತ್ತಿರಕ್ಕೆ ಬಂದಳು. ಅವಳು ಬರೋದು ನೋಡಿಯೇ ಅರ್ಧ ಜನ ನಗು ನಿಲ್ಲಿಸಿದರು. ಅಪ್ಪನ ಎದುರಿಗೆ ನಿಂತು, ದನಿ ಏರಿಸದೆ ಕೇಳಿದಳು.

“ಡ್ರೈವರಿಗೆ ಹೇಳಿದ ಮಾತನ್ನ ನಿಮ್ಮವ್ವಗೆ ಹೇಳಾಕೆ ಏನಾಗಿತ್ರಿ?”

ಅಜ್ಜಿ ಹಂಗೆ ಕೇಳು ಅನ್ನೋ ಹಾಗೆ ತಲೆ ಆಡಿಸಿದಳು, ಅಮ್ಮ ಅವಳನ್ನೂ ಬಿಡಲಿಲ್ಲ.

“ನೀನೂ ಅಷ್ಟೇ ಕಣವ್ವ. ಬಸ್ಸಿನೋನಿಗೆ ಹೋಳಿಗೆ ಕೊಟ್ಟೆ. ಇರ್ತೀಯೇನೇ ಅಂತ ನನ್ನ ಕೇಳಿದ್ಯಾ?”

ಡ್ರೈವರು ಮೆಲ್ಲಗೆ ಬಸ್ಸು ಹತ್ತಿಬಿಟ್ಟ. ಅಜ್ಜಿ ಮೆತ್ತಗಿನ ದನಿಯಲ್ಲಿ, ಹಂಗಾರೆ ಈಗ ಕೇಳ್ತೀನಿ, ಇರ್ತೀಯಾ ಅಂದಳು.

“ಇರ್ತೀನಿ,” ಅಂದಳು ಅಮ್ಮ. ತಿರುಗಿ ಹೋಗಿ ಮತ್ತೆ ಮೊರದ ಮುಂದೆ ಕೂತಳು. ನನಗೆ ಕುಣಿಯೋ ಹಾಗಾಯಿತು. ಅಮ್ಮ ತನಗೆ ಇಂಥದ್ದು ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಳದಿ ಬಸ್ಸು ಆಮೇಲೆ ಯಾವಾಗ ಬಂತೋ, ಯಾರೂ ನೋಡಲಿಲ್ಲ.

ಬೆಳಿಗ್ಗೆ ಅಪ್ಪ ಒಬ್ಬರೇ ಹೊರಟರು. ಅಜ್ಜಿ ಬೀಗಿತ್ತಿಗೆ ಅಂತ ಹೋಳಿಗೆ ಕಟ್ಟಿಕೊಟ್ಟಳು. ಗೆದ್ದ ಪಂದ್ಯ ಬಿಟ್ಟುಕೊಟ್ಟು, ಅವ್ವನ ಮುಂದೆ ನಿಂತು ಮಾತಾಡೋಕೆ ಹೊರಟ ಅಪ್ಪನ್ನ ಕಂಡು ನನಗೆ ಅಯ್ಯೋ ಅನಿಸಿತು, ಹೆಮ್ಮೆಯೂ ಆಯಿತು. ವಾರ ಕಳೆದು ವಾಪಸ್ಸು ಬಂದಾಗ ಅಪ್ಪನ ಮುಖ ಹಗುರಾಗಿತ್ತು. ನಡೆದದ್ದನ್ನು ಜಗಲಿಯ ಮೇಲೆ ಕೂತು ಹೇಳಿದರು.

ಹಿರಿಯೂರು ಅಜ್ಜಿ ಬೈಯಲೇ ಇಲ್ಲವಂತೆ. ಇರ್ಲಿ ಬಿಡೋ, ಅದಕ್ಕೇನು ಅಂದಳಂತೆ. ಸೋಮವಾರದೊಳಗೆ ಕರಕೊಂಡು ಬಾ ಅಂತ ನಾನು ಅಂದಿದ್ದು ನನಗಾಗಿ ಅಲ್ಲ, ಹೆಂಡ್ತಿ ಊರಿಗೆ ಹೋದ್ರೆ ನೀನು ಮುಖ ಇಳಿಬಿಟ್ಕೊಂಡು ಓಡಾಡೋದು ನೋಡಾಕಾಗ್ದೆ ಅಂದಳಂತೆ. ಅಂದರೆ ಇಷ್ಟು ವರ್ಷ ಹೋಳಿಗೆ, ಟೀ, ಬಸ್ಸಿನ ಓಟ ಎಲ್ಲ ದಂಡ. ಕೇಳಿ ಅಮ್ಮ ನಗುತ್ತಾ ಕಂಬಕ್ಕೆ ಒರಗಿಕೊಂಡಳು. ಆದರೆ ಅಪ್ಪ ಇನ್ನೂ ಮುಗಿಸಿರಲಿಲ್ಲ. ಪಂದ್ಯದ ಕಥೆ ಪೂರ್ತಿ ಕೇಳಿ ನಕ್ಕು ನಕ್ಕು, ಆಮೇಲೆ ಹೋಳಿಗೆ ಮುರಿಯುತ್ತಾ ಹಿರಿಯೂರು ಅಜ್ಜಿ ಒಂದು ಮಾತು ಅಂದಿದ್ದಳಂತೆ.

“ನನ್ನ ಕರಕೊಂಡು ಹೋಗಾಕೆ ಬಂದಾಗ ಇರ್ತೀಯಾ ಅಂತ ಯಾರೂ ಕೇಳ್ಲಿಲ್ಲ ಕಣಪ್ಪ. ಪಂದ್ಯ ಕಟ್ಟಾಣ ಅಂದ್ರೆ ನಮ್ಮೂರಿಗೆ ಬಸ್ಸೂ ಇರಲಿಲ್ಲ.”

ಅಮ್ಮನ ನಗು ನಿಂತಿತು. ಅತ್ತೆಗೂ ಒಂದು ತವರಿದೆ ಅನ್ನೋದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ, ಅಮ್ಮನಿಗೂ ಇರಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆ ಒಂದು ಸಣ್ಣ ಊರು, ತಮ್ಮನೊಬ್ಬ ಇದ್ದ.

ಮುಂದಿನ ಬೇಸಿಗೆ ನಾವು ನೇರವಾಗಿ ಹೊಸದುರ್ಗದ ಬಸ್ಸು ಹತ್ತಲಿಲ್ಲ. ಅಮ್ಮ ಹಟ ಹಿಡಿದು ಹಿರಿಯೂರು ಅಜ್ಜಿಯನ್ನು ಅವಳ ತವರಿಗೆ ಹೊರಡಿಸಿದಳು. ಅಜ್ಜಿ ಬ್ಯಾಡ ಬ್ಯಾಡ ಅನ್ನುತ್ತಲೇ ಹೊಸ ಸೀರೆ ಉಟ್ಟಳು. ತಮ್ಮನ ಮನೆಯ ಜಗಲಿಯ ಮೇಲೆ ಕೂತವಳ ಕಾಲಿಗೆ ಅವನು ನೀರು ಹಾಕಿದಾಗ ಅಜ್ಜಿ ಅತ್ತಳು, ಅಮ್ಮನೂ ಅತ್ತಳು. ನಾವು ಹೊರಡೋ ಹೊತ್ತಿಗೆ ಅಪ್ಪ ಚೀಲ ಕೈಗೆ ತಗೊಂಡು, ಕರಕೊಂಡು ಹೋಗಾಕೆ ಯಾವಾಗ ಬರ್ಲವ್ವ ಅಂತ ಕೇಳಿದರು.

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಮ್ಮನ ಕಡೆ ನೋಡಿದಳು, ರಸ್ತೆ ಕಡೆ ನೋಡಿದಳು. ಯಾವ ಬಸ್ಸು ಮುಂದೆ ಬರ್ತೈತೋ ನೋಡಿ ಹೇಳ್ತೀನಿ, ಹೋಗಪ್ಪ ಅಂದಳು.

ಆ ಊರಿಗೆ ಬರುತ್ತಿದ್ದದ್ದು ಒಂದೇ ಬಸ್ಸು.