ಟೈಲರಮ್ಮನ ಫ್ರೆಂಚ್

ಮೊನ್ನೆ ಸಾಗರದಲ್ಲಿ ಪ್ಯಾಂಟಿನ ಅಂಚು ಹೊಲಿಸಲು ಹೋಗಿದ್ದೆ. ಆಗಷ್ಟೇ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದರು. ಆ ವಾಸನೆಗೆ ತೀರ್ಥಹಳ್ಳಿಯ ಟೈಲರಮ್ಮ ನೆನಪಾದರು...

ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿನ ಒಂದು ಲಾಡ್ಜಿನಲ್ಲಿ ಗುಮಾಸ್ತನಾಗಿದ್ದೆ. ಲಾಡ್ಜಿನ ಗೋಡೆಗೆ ಅಂಟಿದ ಕೋಣೆಯಲ್ಲಿ ಅವರು ರವಿಕೆ ಹೊಲಿಯುತ್ತಿದ್ದರು. ಓದಿ ಬೆಳೆದದ್ದು ಪಾಂಡಿಚೇರಿಯಲ್ಲಿ. ಮದುವೆಯಾಗಿ ಇತ್ತ ಬಂದವರು. ಗಂಡ ತೀರಿಹೋಗಿದ್ದರು. ಫ್ರಾನ್ಸಿನ ದಂಪತಿ ನಮ್ಮಲ್ಲಿ ಇಳಿದು ಇಕ್ಕೇರಿ ನೋಡುತ್ತಾರೆಂದು ಗೊತ್ತಾದಾಗ, ಫ್ರೆಂಚಿನ ನಾಲ್ಕು ಮಾತು ಕಲಿಸಿ ಎಂದು ಟೈಲರಮ್ಮನನ್ನು ಬೇಡಿದೆ.

'ನಾವು ಕಾಯುತ್ತೇವೆ' ಎನ್ನುವುದಕ್ಕೇ ಮೂರು ದಿನ ಹಿಡಿಯಿತು. ಬರೆದದ್ದನ್ನೆಲ್ಲ ನಾನು ಕನ್ನಡದಂತೆ ಒಂದಕ್ಷರವೂ ಬಿಡದೆ ಓದಿಬಿಡುತ್ತಿದ್ದೆ.

"ಕೊನೇ ಅಕ್ಷರ ಒಳಗೆ ಮಡಚೋ ಬಟ್ಟೆ ಮಾರಾಯ, ಹೊರಗೆ ಕಾಣಬಾರ್ದು."

ಕತ್ತರಿಯಿಂದ ಮೇಜು ಕುಟ್ಟುತ್ತ ಬಿಡಿಸಿ ಹೇಳುವರು: ನೂ–ಝಾ–ತಾಂ–ದೋಂ. ಮೊದಲ ಪದದ ಬಾಲ ಮುಂದಿನದಕ್ಕೆ ಸೇರಬೇಕು. ನಾನು ನಡುವೆ ತಡೆದರೆ, "ಹೊಲಿಗೆ ಬಿಚ್ಚಿಹೋತು!" ಎಂದು ನಗುವರು.

ಪ್ರತಿಯಾಗಿ ಕೇಳಿದ್ದು ಒಂದೇ. "ಅವರನ್ನ ಹತ್ತು ನಿಮಿಷ ಇಲ್ಲಿಗೆ ಕರ್ಕೊಂಡು ಬಾ. ಈ ಭಾಷೇಲಿ ನನ್ನ ಯಾರಾದ್ರೂ ಮಾತಾಡಿಸಿ ಎಷ್ಟು ವರ್ಷ ಆತೋ..."

ದಂಪತಿಯನ್ನು ಕಾರಿನಲ್ಲಿ ಹೊಸನಗರದ ಮೇಲೆ ಇಕ್ಕೇರಿಗೆ ಕರೆದೊಯ್ದೆ. ದೇವಸ್ಥಾನದೆದುರು, ನಿಧಾನ ನೋಡಿ ಎಂದು ಕೈಸನ್ನೆ ಮಾಡಿ, 'ನಾವು ಕಾಯುತ್ತೇವೆ' ಎಂಬ ಆ ಮಾತನ್ನು ತಡೆಯದೆ ಹೇಳಿದೆ. ಆ ಹೆಂಗಸು ಬೆರಗಾಗಿ, ಇಷ್ಟು ಚೆನ್ನಾದ ಉಚ್ಚಾರ ಕಲಿಸಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ರವಿಕೆ ಹೊಲಿಯುವವರು ಎನ್ನಲು ನನಗೆ ನಾಚಿಕೆಯಾಯಿತು. ಪುಸ್ತಕ ನೋಡಿ ನಾನೇ ಕಲಿತೆ ಎಂದೆ. ಹಾಗೆಂದ ಮೇಲೆ ಟೈಲರಮ್ಮನಲ್ಲಿಗೆ ಯಾವ ಮುಖದಿಂದ ಕರೆತರಲಿ?

ಸಂಜೆ ಅವರು ಮಿಷನ್ನಿಗೆ ಬಟ್ಟೆ ಮುಚ್ಚಿ, ಎರಡು ಕುರ್ಚಿ ಎರವಲು ತಂದಿಟ್ಟಿದ್ದರು.

"ಅವರಿಗೆ ಸುಸ್ತಂತೆ. ಬರಲ್ಲ ಅಂದ್ರು," ಎಂದೆ.

ಅಷ್ಟರಲ್ಲಿ ಗೋಡೆಯಾಚೆಯಿಂದ ಗಂಡಹೆಂಡಿರ ಮಾತು, ನಗು ಕೇಳಿಸಿತು. ಟೈಲರಮ್ಮ ನನ್ನ ಮುಖ ನೋಡಿದರು. ಒಂದು ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು, ತಲೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತ ಕುಳಿತರು. ಬೆಳಗ್ಗೆ ಆ ದಂಪತಿ ಹೊರಟುಹೋದರು.

ಮರುವರ್ಷ ನಾನು ಸಾಗರಕ್ಕೆ ಬಂದೆ. ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಪ್ರತಿ ಸಲ ಅಂದುಕೊಂಡೆ, ಪ್ರತಿ ಸಲ ಮುಂದೂಡಿದೆ... ಕೊನೆಗೆ ಟೈಲರಮ್ಮ ತೀರಿಕೊಂಡ ಸುದ್ದಿಯೇ ಬಂತು. ಈಗ ನನಗೆ ಎಪ್ಪತ್ತು ದಾಟಿದೆ. ಕೇಳಿಸಿಕೊಳ್ಳಲು ಅವರಿಲ್ಲ, ಆದರೂ ಹೇಳುತ್ತೇನೆ: ಅವರು ಬರಲ್ಲ ಅಂದಿರಲಿಲ್ಲ ಅಮ್ಮ, ನಾನು ಕರೆಯಲೇ ಇಲ್ಲ.